ಗ್ರೀನ್ ಲೈನಿನ ಹುಡುಗಿ, ಸಾಗರದ ಬಸ್ಸು

“ಪರ್ಪಲ್ ಲೈನಲ್ಲಿ ರಶ್ ಜಾಸ್ತಿಯಾ, ಗ್ರೀನ್ ಲೈನಲ್ಲಾ?”

ಜೊತೆಗೆ ಶಾಲೆಗೆ ಹೊರಟಿದ್ದ ಸಚಿನ್ ಕೇಳಿದ. ಅವನ ಮುಖ ಯಾರದೋ ಚೀಲಕ್ಕೆ ಒತ್ತಿಕೊಂಡಿತ್ತು. ಅರ್ಧ ಪ್ರಶ್ನೆ ಚೀಲದೊಳಕ್ಕೇ ಹೋಯಿತು.

“ಪರ್ಪಲ್ಲು,” ಎಂದಳು ಮಂಜುಶ್ರೀ. “ಬೆಳಿಗ್ಗೆ ಅದ್ರಲ್ಲಿ ತಲೆ ಕೆರ್ಕೊಂಡ್ರೆ ಅದು ಪಕ್ಕದೋರ ತಲೆ ಆಗಿರತ್ತೆ!”

“ಗ್ರೀನು?”

“ಸುಮಾರು. ಉಸಿರು ಬಿಡಬಹುದು.”

“ನಮ್ ಬಸ್ಸು?”

ಮಂಜುಶ್ರೀ ಸುತ್ತ ನೋಡಿದಳು. ಎಡಕ್ಕೆ ಒಂದು ಕೊಡೆ, ಬಲಕ್ಕೆ ಒಂದು ಹಾಲಿನ ಕ್ಯಾನು. ಬೆನ್ನಿಗೆ ಯಾರದೋ ಮೊಣಕೈ.

“ಪರ್ಪಲ್ಲಿಗಿಂತ ಕಷ್ಟ. ಆದ್ರೆ ರಶ್ ಅಲ್ಲ ಪ್ರಾಬ್ಲಮ್ಮು. ಮೆಟ್ರೋ ಟೈಮಿಗೆ ಬರತ್ತೆ, ಟೈಮಿಗೆ ಹೋಗತ್ತೆ. ಇದು ನೋಡು!”

ಬಸ್ಸು ನಿಂತಿತ್ತು. ಸಾಗರದ ದಾರಿಯಲ್ಲಿ ಬಟ್ಟೆಮಲ್ಲಪ್ಪ ಎಂಬ ಊರು ದಾಟಿದ ಮೇಲೆ, ಬೋರ್ಡೂ ಇಲ್ಲದ, ಅಂಗಡಿಯೂ ಇಲ್ಲದ ಒಂದು ತಿರುವಿನಲ್ಲಿ ಸುಮ್ಮನೆ ಗುರುಗುಟ್ಟುತ್ತ ನಿಂತಿತ್ತು. ಮೆಟ್ರೋ ನಿಲ್ದಾಣದಲ್ಲಿ ಮಾತ್ರ ನಿಲ್ಲುತ್ತದೆ. ಈ ಬಸ್ಸಿಗೆ ನಿಂತಲ್ಲೆಲ್ಲ ನಿಲ್ದಾಣ.

ಮಂಜುಶ್ರೀಯ ಅಮ್ಮನಿಗೆ ಈ ಕಡೆಯ ಆಸ್ಪತ್ರೆಗೆ ವರ್ಗವಾಗಿ ಅವರು ಬೆಂಗಳೂರು ಬಿಟ್ಟು ಬಂದದ್ದು ಬೇಸಿಗೆ ರಜೆಯಲ್ಲಿ. ಅಲ್ಲಿದ್ದಾಗ ಶನಿವಾರ ದೊಡ್ಡಮ್ಮನ ಮಗಳು ಕಾವ್ಯಾಳ ಜೊತೆ ಗ್ರೀನ್ ಲೈನ್ ಹತ್ತುವುದೇ ಒಂದು ಹಬ್ಬ. ಬಾಗಿಲ ಗಾಜಿಗೆ ಹಣೆ ಒತ್ತಿ ನಿಂತರೆ ಕೆಳಗೆ ತೆಂಗಿನಮರಗಳ ತಲೆ, ತಾರಸಿಯ ಮೇಲೆ ಒಣಹಾಕಿದ ಬಟ್ಟೆ, ಎಲ್ಲ ಹಿಂದಕ್ಕೆ ಓಡುತ್ತಿದ್ದವು. ಸ್ಪೀಕರಿನ ಹೆಂಗಸು ಬಾಯಿ ತೆರೆಯುವ ಮೊದಲೇ ಇಬ್ಬರೂ ಅದೇ ದನಿಯಲ್ಲಿ “ಮುಂದಿನ ನಿಲ್ದಾಣ...” ಎಂದು ಶುರುಮಾಡುತ್ತಿದ್ದರು. ಸುತ್ತಲಿನವರು ನಗುತ್ತಿದ್ದರು.

ಮೊನ್ನೆ ಫೋನಿನಲ್ಲಿ ಕಾವ್ಯಾ ಹೇಳಿದ್ದಳು: “ಒಬ್ಳೇ ಹೇಳಿದ್ರೆ ಯಾರೂ ನಗಲ್ಲ ಕಣೇ.”

ಅದಕ್ಕೇ ಮಂಜುಶ್ರೀ ಒಂದು ಉಪಾಯ ಮಾಡಿದ್ದಳು. ಶಾಲೆಯ ವಾರ್ಷಿಕೋತ್ಸವದಲ್ಲಿ ಮೈಕ್ ಹಿಡಿದು ಮೆಟ್ರೋದ ದನಿ ಮಾಡಬೇಕು. ಇಡೀ ಶಾಲೆ ನಗುವುದನ್ನು ವಿಡಿಯೋ ಮಾಡಿಸಿ ಕಾವ್ಯಾಗೆ ಕಳಿಸಬೇಕು. ಮಿಮಿಕ್ರಿಗೆ ಇರುವುದು ಒಂದೇ ಚಾನ್ಸು. ಇವತ್ತು ಪ್ರಾರ್ಥನೆಗೆ ಮೊದಲು ಗಣೇಶಮೂರ್ತಿ ಸರ್ ಒಬ್ಬರನ್ನು ಆರಿಸುತ್ತಾರೆ. “ಲೇಟಾದವರು ಮನೆಯಲ್ಲೇ ಮಿಮಿಕ್ರಿ ಮಾಡ್ಕೊಳ್ಳಿ,” ಎಂದಿದ್ದರು.

“ಯಾಕೆ ನಿಂತಿದೆ ಇದು?” ಅವಳು ತುದಿಗಾಲಲ್ಲಿ ನಿಂತಳು. ಏನೂ ಕಾಣಲಿಲ್ಲ.

“ಮೂಕಮ್ಮಜ್ಜಿ ಬರ್ಬೇಕಲ್ಲ. ಇವತ್ತು ಸಂತೆ,” ಎಂದ ಸಚಿನ್.

“ಒಬ್ರಿಗೋಸ್ಕರ ಇಷ್ಟೂ ಜನ ಕಾಯೋದಾ?”

“ಹ್ಞೂಂ ಮತ್ತೆ.”

ಮಂಜುಶ್ರೀ ಗಂಟಲು ಸರಿಮಾಡಿಕೊಂಡು ಮೆಟ್ರೋದ ದನಿಯಲ್ಲಿ ಹೇಳಿದಳು: “ಬಾಗಿಲುಗಳು ಮುಚ್ಚುತ್ತಿವೆ. ದಯವಿಟ್ಟು ಬಾಗಿಲಿನಿಂದ ದೂರವಿರಿ.”

ಹಾಲಿನ ಕ್ಯಾನಿನವರು ನಕ್ಕರು. ಬಸ್ಸು ಅಲ್ಲಾಡಲಿಲ್ಲ. ಅದಕ್ಕೆ ಬೆಂಗಳೂರಿನ ದನಿ ಅರ್ಥವಾಗುವುದಿಲ್ಲವೇನೋ!

ಹಾಗಾದರೆ ಅರ್ಥವಾಗುವ ದನಿಯಲ್ಲೇ ಹೇಳೋಣ. ಅವಳು ಮೂಗು ಹಿಡಿದುಕೊಂಡಳು. ಕಂಡಕ್ಟರ್ ಯೋಗರಾಜನ ದನಿ ಬರುವುದು ಮೂಗಿನಿಂದಲೇ. ಡ್ರೈವರ್ ಹೂವಪ್ಪ ಅವನಿಗೆ ಹೂವಣ್ಣ.

“ರೈಟ್... ರಾಯ್ಟ್! ಹೋಗ್ಲಿ ಹೂವಣ್ಣಾ!”

ಬಸ್ಸಿನ ತಗಡಿಗೆ ಎರಡು ಏಟನ್ನೂ ಹಾಕಿದಳು.

ಬಸ್ಸು ಧಡಕ್ಕನೆ ಹೊರಟಿತು.

“ಏ! ಯೋಗಣ್ಣ ಕೆಳಗಿದಾನೆ!” ಸಚಿನ್ ಕಿರುಚಿದ.

ಮಂಜುಶ್ರೀ ಸಂದಿಯಲ್ಲಿ ತೂರಿ ಹಿಂದಿನ ಗಾಜಿನಿಂದ ನೋಡಿದಳು. ಗದ್ದೆಯಾಚೆ, ಹಳ್ಳದ ಮೇಲೆ ಎರಡು ಮರದ ದಿಮ್ಮಿ ಹಾಸಿದ ಸಂಕ. ಅದರ ನಟ್ಟನಡುವೆ ಯೋಗರಾಜ. ತಲೆಯ ಮೇಲೆ ಸೇವಂತಿಗೆಯ ಬುಟ್ಟಿ. ಒಂದು ಕೈ ಬುಟ್ಟಿಗೆ, ಇನ್ನೊಂದು ಕೈ ಮೂಕಮ್ಮಜ್ಜಿಗೆ. ಅಜ್ಜಿ ಮಗುವಿನ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಓಡುವ ಹಾಗಿಲ್ಲ, ಕೈಬಿಡುವ ಹಾಗಿಲ್ಲ. ಹೋಗುತ್ತಿದ್ದ ಬಸ್ಸನ್ನು ಯೋಗರಾಜ ಬಾಯಿ ತೆರೆದುಕೊಂಡು ನೋಡುತ್ತಿದ್ದ. ದನಿ ಮಾತ್ರ ಬರಲಿಲ್ಲ. ಅದು ಆಗಲೇ ಬಸ್ಸಿನೊಳಗೆ ಖರ್ಚಾಗಿತ್ತಲ್ಲ!

“ಹೋಲ್ಡಾನ್! ಹೋಲ್ಡಾನ್!” ಎಲ್ಲರೂ ಕೂಗಿದರು. ಬಸ್ಸು ರಿವರ್ಸ್ ಬಂತು.

ಏದುಸಿರು ಬಿಡುತ್ತ ಹತ್ತಿದ ಮೂಕಮ್ಮಜ್ಜಿಗೆ ಯಾರೋ ಎದ್ದು ಸೀಟು ಕೊಟ್ಟರು.

“ಎಂತ ಹೂವಪ್ಪ, ನನ್ನ ಬಿಟ್ಟೇ ಹೊರಟ್ಯಲ್ಲ ಮಾರಾಯ?”

“ಇವ್ನೇ ರೈಟ್ ಅಂದ್ನಲ್ಲ ಅಜ್ಜಿ!” ಎಂದ ಡ್ರೈವರ್.

“ನಾನು ಸಂಕದ ಮೇಲಿದ್ದೆ!” ಎಂದ ಯೋಗರಾಜ.

ಎಲ್ಲರ ಕಣ್ಣೂ ಮಂಜುಶ್ರೀಯ ಮೇಲೆ ಬಿತ್ತು. ಅವಳ ಕಿವಿ ಬಿಸಿಯಾಯಿತು.

“ಇವ್ಳದ್ದಾ?” ಅಜ್ಜಿ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕರು. “ಯೋಗ ನನ್ನ ಪಕ್ಕ ಇದಾನೆ, ದನಿ ಬಸ್ಸಲ್ಲಿದೆ! ನಾನು ಇದೆಂತ ಭೂತಚೇಷ್ಟೆ ಅಂದ್ಕಂಡೆ. ಕೊಡು ಮಗಾ, ಆ ಬ್ಯಾಗ್ ಇಲ್ಲಿ. ಎಂತಕ್ಕೆ ಅಷ್ಟು ಅರ್ಜೆಂಟು?”

ಮಂಜುಶ್ರೀ ಹೇಳಿದಳು. ಮಿಮಿಕ್ರಿ, ಸರ್, ಕಾವ್ಯಾ.

“ತಡಿ, ಸರ್ ಹತ್ರ ನಾನು ಮಾತಾಡ್ತೀನಿ,” ಎಂದ ಯೋಗರಾಜ.

ಶಾಲೆಯ ಗೇಟಿನ ಮುಂದೆ ಬಸ್ಸು ನಿಂತಾಗ ಒಳಗೆ ಪ್ರಾರ್ಥನೆ ಮುಗಿದಿತ್ತು. ಗಣೇಶಮೂರ್ತಿ ಸರ್ ಗೇಟಿನಲ್ಲೇ ಕೈಕಟ್ಟಿ ನಿಂತಿದ್ದರು. ಸಚಿನ್ ಮೆಲ್ಲಗೆ ಒಳಗೆ ಜಾರಿದ. ಮಂಜುಶ್ರೀಯ ಹಿಂದೆ ಯೋಗರಾಜನೂ ಇಳಿದು ಬಂದ.

“ಸರ್, ಬಸ್ಸು ಲೇಟು. ನಮ್ದೇ ತಪ್ಪು.”

“ದಿನಾ ನಿಮ್ದೇ ತಪ್ಪು,” ಎಂದರು ಸರ್.

“ಇಲ್ಲ ಸರ್, ಇವತ್ತು ನಂದು,” ಎಂದಳು ಮಂಜುಶ್ರೀ. “ಇವ್ರ ಥರಾನೇ ರೈಟ್ ಅಂದ್ಬಿಟ್ಟೆ. ಬಸ್ ಹೊರಟೋಯ್ತು.”

ಸರ್ ಅವರ ಮೀಸೆ ಸ್ವಲ್ಪ ಅಲುಗಿತು. “ಡ್ರೈವರ್ ನಂಬಿದ್ನಾ?”

“ನಂಬ್ದ ಸರ್. ನನ್ನನ್ನೇ ಬಿಟ್ಟು ಹೋಗ್ತಿದ್ದ!” ಎಂದ ಯೋಗರಾಜ.

“ಹೌದಾ? ಎಲ್ಲಿ, ಈಗ್ಲೇ ಮಾಡು ನೋಡೋಣ. ನಾನಿನ್ನೂ ಹೆಸರು ಬರ್ದಿಲ್ಲ. ಬೇಗ, ನಂಗೆ ಕ್ಲಾಸಿದೆ.”

ಮಂಜುಶ್ರೀ ಮೂಗು ಹಿಡಿದು ಉಸಿರೆಳೆದುಕೊಂಡಳು.

ರಸ್ತೆಯಲ್ಲಿ ಬಸ್ಸು ಗುರುಗುಟ್ಟುತ್ತ ನಿಂತೇ ಇತ್ತು. ಕಿಟಕಿಗೊಂದು ಮುಖ. ಸಂತೆಗೆ ಹೋಗುವವರು, ಆಫೀಸಿಗೆ ಹೋಗುವವರು, ಹಾಲಿನ ಕ್ಯಾನಿನವರು. ಮೂಕಮ್ಮಜ್ಜಿ ಅರ್ಧ ಮೈ ಹೊರಗೆ ಹಾಕಿದ್ದರು. ಒಬ್ಬರೂ ಕೈಗಡಿಯಾರ ನೋಡುತ್ತಿರಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಡ್ರೈವರ್ ಹೂವಪ್ಪನ ಕಣ್ಣು ರಸ್ತೆಯ ಮೇಲಿತ್ತು. ರೈಟ್ ಕೇಳಲು ಕಿವಿ ಮಾತ್ರ ಇತ್ತ ತಿರುಗಿತ್ತು.

ಅವಳು ಮೂಗು ಬಿಟ್ಟಳು.

“ಹ್ಞಾಂ? ಏನಾಯ್ತು?” ಎಂದರು ಸರ್.

“ಯೋಗಣ್ಣ ಮೊದ್ಲು ಬಸ್ ಹತ್ಲಿ ಸರ್,” ಎಂದಳು ಮಂಜುಶ್ರೀ. “ಆಮೇಲೆ ಮಾಡ್ತೀನಿ.”