ಜಮಖಾನ ಹೊದೆಸಿದ ದೀಪಸ್ತಂಭ

ಬೆಳುವಾಯಿಗೆ ಬಂದವರು ನಮ್ಮ ಮನೆಗೋಡೆಯ ಬಿರುಕನ್ನು ಮುಟ್ಟಿ ನೋಡಬಹುದು.

ದೂರದ ಬಂದರೊಂದರ ಎದುರಿನ ಪುಟ್ಟ ದ್ವೀಪದಲ್ಲಿ, ದೋಣಿಗಳಿಗೆ ದಾರಿ ತೋರುವ ಬ್ರಿಟಿಷರ ಕಾಲದ ದೀಪಸ್ತಂಭವಿತ್ತು. ಅದನ್ನು ಕಳಚಿದಾಗ, ದೀಪದ ಸುತ್ತಲಿನ ಆಳೆತ್ತರದ ಗಾಜನ್ನು ನನ್ನ ಗಂಡ ಸಮ್ಮೇದ್ ಹರಾಜಿನಲ್ಲಿ ಕೊಂಡು, ಮಹಡಿಯ ಕಿಟಕಿಯ ಬಳಿ ಚಂದಕ್ಕೆಂದು ಇಟ್ಟರು. ಅದರೊಳಗೆ ಬಲ್ಬಿಲ್ಲ, ವಯರೂ ಇಲ್ಲ.

ಮೊದಲ ಸಂಜೆ, ಹೊತ್ತು ಮುಳುಗುವ ಮುಂಚಿನ ಊಟ ಮುಗಿಸಿ ಏಳುತ್ತಿದ್ದಾಗ ಮೇಲೆ ಧಡ್ ಎಂದಿತು. ಓಡಿ ಹೋದೆವು. ಕಡಲಹಕ್ಕಿಗಳು ಒಂದರ ಹಿಂದೊಂದು ಕಿಟಕಿಗೆ ಅಪ್ಪಳಿಸಿ ಕತ್ತು ಮುರಿದುಕೊಳ್ಳುತ್ತಿದ್ದವು. ಕಿಟಕಿಯ ತುಂಬ ರಕ್ತ, ಪುಕ್ಕ. ನಮ್ಮ ಕಣ್ಣಿಗೆ ಬೆಳಕೇನೂ ಕಾಣದಿದ್ದರೂ ದೀಪಸ್ತಂಭದ ಗಾಜು ಕೈ ಸುಡುವಷ್ಟು ಬಿಸಿಯಾಗಿತ್ತು.

“ಅಯ್ಯೋ, ಜೀವಹಿಂಸೆ! ಏನಾದರೂ ಮುಚ್ಚು ಸಾಧನಾ!” ಎಂದು ಅತ್ತೆ ಕೂಗಿದರು. ಹುಳ ಬಿದ್ದು ಸಾಯಬಾರದೆಂದು ದೀಪವನ್ನೂ ಮುಚ್ಚಿಡುವ ಮನೆ ನಮ್ಮದು. ಜಮಖಾನ ತಂದು ಗಾಜಿಗೆ ಹೊದೆಸಿದೆ. ಹಕ್ಕಿಗಳು ಬರುವುದು ತಟ್ಟನೆ ನಿಂತಿತು.

“ಕಂಡಿಯಾ? ಇನ್ನು ತೆಗೀಬೇಡ,” ಎಂದರು ಅತ್ತೆ.

ಆಗ ಅಂಗಳದಿಂದ ಗಂಡಸರ ಬೊಬ್ಬೆ ಕೇಳಿತು. “ದೀಪ ಎಲ್ಲುಂಟು? ದೀಪ!”

ನಾನು ಜಮಖಾನಕ್ಕೆ ಕೈ ಹಾಕುವಷ್ಟರಲ್ಲಿ ಭಾರವಾದದ್ದೇನೋ ಗುದ್ದಿ ಇಡೀ ಮನೆ ನಡುಗಿತು. ಬೊಬ್ಬೆ ನಿಂತುಹೋಯಿತು.

ಸಮ್ಮೇದ್ ಟಾರ್ಚ್ ಹಿಡಿದು ಇಳಿದರು. ಅಂಗಳದಲ್ಲಿ ಯಾರೂ ಇರಲಿಲ್ಲ. ಮುರಿದ ದೋಣಿಯ ಮೂತಿಯೊಂದು ಗೋಡೆಯೊಳಕ್ಕೆ ನುಗ್ಗಿ ನಿಂತಿತ್ತು. ಅದರಿಂದ ಉಪ್ಪುನೀರು ಸುರಿಯುತ್ತಿತ್ತು, ಸ್ವಲ್ಪ ಕೆಂಪಗೆ. ಸಮುದ್ರ ನಮ್ಮಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ.

ಮರುದಿನ ಗಾಜನ್ನು ಮನೆಯಿಂದ ಸಾಗಿಸಲು ಬಂದ ಆಳುಗಳಿಗೆ ಅದನ್ನು ಅಲುಗಿಸಲೂ ಆಗಲಿಲ್ಲ.

ಈಗ ದಿನಾ ಸಂಜೆ ಜಮಖಾನ ತೆಗೆಯುವವರು ಅತ್ತೆಯೇ. ಬೆಳಿಗ್ಗೆ ಹಕ್ಕಿಗಳನ್ನು ಹೂಳುವವರೂ ಅವರೇ.