ಕಾಗದಕ್ಕೆ ಬಂದ ಉಸಿರು

"ಏಯ್! ಯಾರಮ್ಮಿ ಅದು ಹೊಂಗೆ ಮರದ ಹಿಂದೆ? ನನ್ನ ಎತ್ತಿಗೆ ಏನ್ ಮಾಟ ಮಾಡ್ತಾ ಇದ್ದೀಯಾ?"

ದೇವೀರಿಯ ಎದೆ ಧಸಕ್ಕೆಂದಿತು. ಕೈಯಲ್ಲಿದ್ದ ಸೀಸದ ಕಡ್ಡಿ ಜಾರಿ ಕೆರೆ ಏರಿಯ ಮಣ್ಣಿಗೆ ಬಿತ್ತು. ಪುಸ್ತಕವನ್ನು ಮಡಿಲಿಗೆಳೆದುಕೊಂಡಳು.

ತಲೆಗೆ ಕೆಂಪು ವಸ್ತ್ರ ಸುತ್ತಿ, ಕೈಯಲ್ಲಿ ಬಾರುಕೋಲು ಹಿಡಿದಿದ್ದ ಆ ಗಾಡಿಯವನು ಏರಿ ಹತ್ತಿ ಬಂದೇಬಿಟ್ಟ.

"ಮಾಟ ಅಲ್ಲ... ಬರೀತಾ ಇದ್ದೆ..." ದೇವೀರಿಯ ದನಿ ಅವಳಿಗೇ ಕೇಳಿಸಲಿಲ್ಲ.

"ಏನ್ ಬರೀತಾ ಇದ್ದೆ? ತತ್ತಾ ಇಲ್ಲಿ!"

ಮಡಿಲಲ್ಲಿದ್ದ ಪುಸ್ತಕವನ್ನು ಕಿತ್ತುಕೊಂಡ. ಬೈಗುಳ ನಾಲಗೆ ತುದಿಗೆ ಬಂದಿತ್ತು ನೋಡಿ, ಅಲ್ಲೇ ಒಣಗಿಹೋಯಿತು!

ಕಾಗದದ ಮೇಲೆ ಅವನ ಎತ್ತು ಕರಿಯ ನಿಂತಿದ್ದ. ತುದಿಯಲ್ಲಿ ಒಸಿ ಒಳಕ್ಕೆ ಬಾಗಿದ ಎಡಗೊಂಬು, ನೊಗ ಉಜ್ಜಿ ಉಜ್ಜಿ ಕೂದಲು ಉದುರಿದ ಹೆಗಲು, ನೀರು ಕುಡಿದು ತಲೆ ಎತ್ತಿದಾಗ ಮೂತಿಯಿಂದ ತೊಟ್ಟಿಕ್ಕುವ ಹನಿ... ಕಣ್ಣಿನ ಮೂಲೆಯಲ್ಲಿ ಕೂತ ನೊಣವನ್ನೂ ಪುಣ್ಯಾತ್ಗಿತ್ತಿ ಬಿಟ್ಟಿರಲಿಲ್ಲ.

ಅವನು ಒಮ್ಮೆ ಕೆರೆಯಲ್ಲಿ ನಿಂತ ಕರಿಯನನ್ನು ನೋಡಿದ. ಒಮ್ಮೆ ಕಾಗದವನ್ನು ನೋಡಿದ. ತನಗೇ ಗೊತ್ತಿಲ್ಲದೆ ತಲೆಯ ವಸ್ತ್ರ ತೆಗೆದು ಕಂಕುಳಲ್ಲಿ ಇಟ್ಟುಕೊಂಡ, ದೇವರ ಮುಂದೆ ನಿಂತವನ ಹಾಗೆ.

"ಶಿವನೇ..." ಎಂದ ಮೆಲ್ಲಗೆ. "ಕರಿಯನ ಉಸಿರೇ ಕಾಗದಕ್ಕೆ ಬಂದ್ಬುಟ್ಟೈತಲ್ಲಮ್ಮಿ!"

ಆ ಒಂದು ಮಾತು ಮುಂದೆ ಇಬ್ಬರ ಕುತ್ತಿಗೆಗೂ ಉರುಲಾಗುತ್ತದೆಂದು ಅವನಿಗೇನು ಗೊತ್ತು ಪಾಪ!

ಇದು ಮೈಸೂರಿನಲ್ಲಿ ಮಹಾರಾಜರು ಆಳುತ್ತಿದ್ದ ಕಾಲದ ಮಾತು. ರಾಮನಗರವನ್ನು ಆಗ ಕ್ಲೋಸ್‌ಪೇಟೆ ಅನ್ನುತ್ತಿದ್ದರು. ಆ ಊರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದ ರಾಮಲಿಂಗಯ್ಯ ದೇವೀರಿಗೆ ಸೋದರಮಾವ. ತಂದೆತಾಯಿ ಇಲ್ಲದೆ ಬೈರಾಪಟ್ಟಣದಲ್ಲಿ ಅಜ್ಜಿ ಮಾರಮ್ಮನ ಜೊತೆ ಬೆಳೆದ ಸೊಸೆಗೆ ದಪ್ಪ ಹಾಳೆಯ ಪುಸ್ತಕವನ್ನೂ ಸೀಸದ ಕಡ್ಡಿಗಳನ್ನೂ ತಂದುಕೊಟ್ಟವರು ಅವರೇ. ಅವಳು ಕಂಡಿದ್ದನ್ನೆಲ್ಲ ಬರೆದಳು. ಕೆರೆಯ ಕೊಕ್ಕರೆ, ಹುಣಸೆಕಾಯಿ ಬಡಿಯುವ ಹೆಂಗಸರು, ಗೂಡು ಕಟ್ಟುತ್ತಿರುವ ರೇಷ್ಮೆ ಹುಳು, ರಾಗಿ ಬೀಸುವ ಅಜ್ಜಿಯ ಗಂಟುಗಂಟಾದ ಕೈ.

ಗಾಡಿಯವನು ಬೈರಪ್ಪ. ಕನಕಪುರದ ಕಡೆಯ ದೊಡ್ಡಆಲಹಳ್ಳಿಯವನು. ಚನ್ನಪಟ್ಟಣದ ಬೊಂಬೆ ಮಾಡುವ ಬಾಬಾಜಾನ್ ಸಾಹೇಬರಿಗೆ ಆಲೆ ಎಂಬ ಮೆತ್ತನೆಯ ಬಿಳಿ ಮರ ಹೇರಿಕೊಂಡು ಬರುತ್ತಿದ್ದ. ಬಂದಾಗಲೆಲ್ಲ ತಂಗುವುದು ಬೈರಾಪಟ್ಟಣದಲ್ಲಿ, ಅಕ್ಕ ಅಂಬುಜಮ್ಮನ ಮನೆಯಲ್ಲಿ.

ಆ ದಿನ ಅವನು ಊರೆಲ್ಲ ಸಾರಿದ. "ಮಾರಮ್ಮಜ್ಜಿ ಮೊಮ್ಮಗಳು ಅವ್ಳಲ್ಲ, ಕರಿಯನ ಉಸಿರನ್ನೇ ಕಾಗದಕ್ಕೆ ಇಳಿಸ್ಬುಟ್ಟವ್ಳೆ ಕಣ್ರಪ್ಪೋ!"

ಆಮೇಲೆ ಅಕ್ಕನ ಮನೆಗೆ ಬರುವ ನೆಪಗಳು ಹೆಚ್ಚಾದವು. ಮಾರಮ್ಮನ ಜಗಲಿಯಲ್ಲಿ ಕೂತು, ಪುಸ್ತಕದ ಹಾಳೆಗಳನ್ನು ಹೂವಿನ ಎಸಳು ಮುಟ್ಟುವಂತೆ ತಿರುವುತ್ತಿದ್ದ.

"ಇದು ನಮ್ಮ ಕೆರೆ ಕೊಕ್ಕರೆನಾ? ದಿನಾ ನೋಡ್ತೀನಿ, ಹಿಂಗೈತೆ ಅಂತ ಗೊತ್ತೇ ಇರ್ಲಿಲ್ಲ!"

"ನೋಡಿದ್ರೆ ತಾನೇ ಗೊತ್ತಾಗೋದು" ಎಂದು ದೇವೀರಿ ಸೆರಗಿನ ಮರೆಯಲ್ಲಿ ನಗುತ್ತಿದ್ದಳು.

"ಈಗ ನೋಡ್ತೀನಿ ಕಣಮ್ಮಿ. ದಾರಿ ಉದ್ದಕ್ಕೂ ಗಾಡಿ ನಿಲ್ಸಿ ನಿಲ್ಸಿ ನೋಡ್ತೀನಿ! ಮೊನ್ನೆ ಜೇಡರ ಬಲೆ ಮೇಲೆ ಇಬ್ಬನಿ ಕುಂತಿತ್ತು. ಅದು ಆರಿ ಹೋಗೋ ಗಂಟ ನೋಡ್ತಾ ನಿಂತ್ಬುಟ್ಟೆ. ಮರ ಯಾಕೆ ತಡ ಅಂತ ಬಾಬಾಜಾನ್ ಸಾಹೇಬ್ರು ಚೆನ್ನಾಗಿ ಬೈದ್ರು!"

ಅವಳು ಬರೆದಿದ್ದನ್ನು ಹೊಗಳಿದವರು ಇದ್ದರು. ಅವಳು ಬರೆದಿದ್ದರಿಂದ ಕಣ್ಣು ತೆರೆದವನು ಇವನೊಬ್ಬನೇ... ಆ ರಾತ್ರಿ ದೇವೀರಿಗೆ ನಿದ್ದೆ ಹತ್ತಲಿಲ್ಲ. 'ಇವರನ್ನು ಒಂದು ದಿನ ಬರೆಯಬೇಕು' ಅಂದುಕೊಂಡಳು. ಅಷ್ಟಕ್ಕೇ ಕೆನ್ನೆ ಕೆಂಪಾಯಿತು.

ಆದರೆ ವಿಧಿಗೆ ಕಣ್ಣುರಿ ಅನ್ನುತ್ತಾರಲ್ಲ...

ಶ್ರಾವಣದಲ್ಲಿ ಕರಿಯನಿಗೆ ಚಪ್ಪೆ ರೋಗ ತಗುಲಿತು. ಬೆಳಿಗ್ಗೆ ಕುಂಟಿದ ಎತ್ತು ಮಾರನೆಯ ದಿನ ಹೊತ್ತು ಮುಳುಗುವಷ್ಟರಲ್ಲಿ ಅಂಬುಜಮ್ಮನ ಕೊಟ್ಟಿಗೆಯಲ್ಲಿ ಕಾಲು ಚಾಚಿಬಿಟ್ಟಿತು.

ದೇವೀರಿ ಓಡಿ ಬಂದಳು. ಸತ್ತ ಎತ್ತಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಬೈರಪ್ಪ ಅವಳನ್ನು ನೋಡಿದ. ನೋಡಿದವನೇ ಮುಖ ಗೋಡೆಯ ಕಡೆ ತಿರುಗಿಸಿಬಿಟ್ಟ.

ಬಾಗಿಲಲ್ಲಿ ಸೇರಿದ್ದ ಹೆಂಗಸರಲ್ಲಿ ಯಾರೋ ಗೊಣಗಿದರು, "ಉಸಿರು ಕಾಗದಕ್ಕೆ ಹೋದ್ಮೇಲೆ ಎತ್ತಲ್ಲಿ ಇನ್ನೇನ್ ಉಳೀತದವ್ವಾ... ಅವನೇ ಹೇಳಿದ್ನಲ್ಲ!"

ಹೊಗಳಿದ ಮಾತೇ ಹಗೆಯ ಮಾತಾಯಿತು. ಚಿತ್ರ ಬರೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆಂದು ಆ ಕಾಲದಲ್ಲಿ ನಂಬದವರೇ ಕಡಿಮೆ. ದೇವೀರಿ ಬೀದಿಗೆ ಬಂದರೆ ತಾಯಂದಿರು ಮಕ್ಕಳ ಮುಖಕ್ಕೆ ಸೆರಗು ಮುಚ್ಚಿದರು. ಬೈರಪ್ಪ ಒಂಟಿ ಎತ್ತು ಹೊಡೆದುಕೊಂಡು ಊರಿಗೆ ಹೋದವನು ತಿರುಗಿ ಬರಲೇ ಇಲ್ಲ.

'ಅವರೂ ನಂಬಿದ್ದಾರೆ... ನಾನೇ ಕೊಂದೆ ಅಂತ!'

ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಅದು ನಿಜವೇ ಆಗಿದ್ದರೆ?

ಸೊಸೆ ಸೊರಗುವುದನ್ನು ನೋಡಲಾರದೆ ರಾಮಲಿಂಗಯ್ಯ ಅವಳನ್ನು ಕ್ಲೋಸ್‌ಪೇಟೆಗೆ ಕರೆದುಕೊಂಡು ಹೋದರು. ಒಂದು ಬೆಳಿಗ್ಗೆ ಅತ್ತೆಯ ಜೊತೆ ರಾಮದೇವರ ಬೆಟ್ಟ ಹತ್ತಿದಳು ದೇವೀರಿ. ಹತ್ತಿದವಳು ಉಸಿರೆಳೆಯುವುದನ್ನೇ ಮರೆತಳು!

ಎಂಥ ಬಂಡೆಗಳು! ಮಲಗಿದ ಆನೆಗಳಂಥ ಬಂಡೆಗಳು, ಮುಗಿಲಿಗೆ ಹೆಗಲು ಕೊಟ್ಟು ನಿಂತ ಬಂಡೆಗಳು. ಬಿಸಿಲೇರಿದಂತೆ ಬೂದು ಬಣ್ಣ ಕರಗಿ ಜೇನಿನ ಬಣ್ಣ ಹರಿಯಿತು. ಆಗ ಕಡಿದಾದ ಬಂಡೆಯ ಬಿರುಕುಗಳಿಂದ ರಣಹದ್ದುಗಳು ಒಂದೊಂದಾಗಿ ರೆಕ್ಕೆ ಬಿಚ್ಚಿದವು. ಬಡಿಯಲಿಲ್ಲ, ಅಲುಗಿಸಲಿಲ್ಲ... ಸುಮ್ಮನೆ ಗಾಳಿಗೆ ಮೈ ಕೊಟ್ಟು ಮೇಲೆ, ಮೇಲೆ, ಇನ್ನೂ ಮೇಲೆ! ದೇವೀರಿಯ ಮೈ ಜುಮ್ಮೆಂದಿತು. ಇಷ್ಟು ದೊಡ್ಡ ಲೋಕದಲ್ಲಿ ತನ್ನ ನೋವು ಎಷ್ಟು ಚಿಕ್ಕದು ಅನ್ನಿಸಿ ಗಳಗಳ ಅತ್ತಳು.

ಎಷ್ಟೋ ದಿನಗಳ ಮೇಲೆ ಪುಸ್ತಕ ಬಿಚ್ಚಿದಳು. ಬರೆದದ್ದು ಮಾತ್ರ ಬರೀ ಬಂಡೆ. ಹದ್ದುಗಳು ಹಾರುವ ಜಾಗವನ್ನು ಖಾಲಿ ಬಿಟ್ಟಳು. ಕಲ್ಲಿಗೆ ಸಾವಿಲ್ಲವಲ್ಲ!

ಸಂಕ್ರಾಂತಿ ಕಳೆದ ಮೇಲೆ ಬೈರಪ್ಪ ಬಂದ. ಸೀದಾ ಮೇಷ್ಟ್ರ ಮನೆ ಜಗಲಿಗೇ ಬಂದ. ಒಳಗಿದ್ದ ದೇವೀರಿ ಅವನ ದನಿ ಕೇಳಿ, ಮೊರ ಕೆಳಗಿಟ್ಟು ಜಗಲಿಯ ಕಂಬದ ಮರೆಗೆ ಬಂದಳು.

ಮಾವ ಒಳಗೆ ಹೋದ ಗಳಿಗೆಯಲ್ಲಿ ಅವನೇ ಮಾತು ತೆಗೆದ. "ಹೊಸ ಎತ್ತು ಕಟ್ಟಿವ್ನಿ. ಗಾಡಿ ಮತ್ತೆ ಓಡ್ತೈತೆ... ನಮ್ಮಕ್ಕ ಹೆಣ್ಣು ಕೇಳೋಕೆ ಬತ್ತೀನಿ ಅಂತಾವ್ಳೆ. ಅದಕ್ಕೂ ಮುಂಚೆ ನಿನ್ನ ಮನಸ್ಸು ಏನೈತೆ ಅಂತ ತಿಳ್ಕಳವಾ ಅಂತ ಬಂದೆ."

ದೇವೀರಿ ಕಂಬ ಹಿಡಿದುಕೊಂಡಳು.

"ಬಾಯಲ್ಲಿ ಹೇಳೋಕೆ ನಾಚಿಕೆ ಆದ್ರೆ ಬ್ಯಾಡ. ನನ್ನ ಒಂದು ಚಿತ್ರ ಬರ್ದು ಕೊಡು. ಕೊಕ್ಕರೆ ಬರ್ದೆ, ಹುಳ ಬರ್ದೆ... ನಿನ್ನ ಪುಸ್ತಕದಾಗೆ ನನಗೂ ಒಂದು ಜಾಗ ಐತೆ ಅಂದ್ರೆ ಸಾಕು, ನಾನು ತಿಳ್ಕೋತೀನಿ."

ಅಯ್ಯೋ, ಕೇಳಬಾರದ್ದನ್ನೇ ಕೇಳಿದನಲ್ಲ! ಅವಳ ಕಣ್ಣ ಮುಂದೆ ಕಾಲು ಚಾಚಿದ ಕರಿಯ ಬಂದ...

"ಆಗಲ್ಲ" ಎಂದಳು.

"ಯಾಕೆ?"

"ನಾನು ಈಗ ಕಲ್ಲು ಮಾತ್ರ ಬರೆಯೋದು."

"ನಾನು ಕಲ್ಲಿಗಿಂತ ಕಡೆಯಾದ್ನಾ ದೇವೀರಿ?"

ನಿಜ ಹೇಳಿದರೆ ಈ ಹಟಮಾರಿ ಮಣಿಯುವುದಿಲ್ಲ, ಬರೆದೇ ತೀರು ಅನ್ನುತ್ತಾನೆ. ಅವನು ಬದುಕಿರಲಿ. ಎಲ್ಲಾದರೂ ಇರಲಿ, ಯಾರ ಜೊತೆಯಾದರೂ ಇರಲಿ... ಅವಳು ತುಟಿ ಕಚ್ಚಿಕೊಂಡು ಹೇಳಿದಳು:

"ಹೂಂ. ಹಂಗೇ ಅನ್ಕೊಳ್ಳಿ."

ಬೈರಪ್ಪ ಎದ್ದ. ಮೆಟ್ಟಿಲಿಳಿದ. "ಅಕ್ಕಂಗೆ ಬರ್ಬ್ಯಾಡ ಅಂತೀನಿ" ಎಂದಷ್ಟೇ ಹೇಳಿ ಗಾಡಿ ಹೊಡೆದ. ಗಾಡಿಯ ಸದ್ದು ಅಡಗುವವರೆಗೂ ದೇವೀರಿ ಕಂಬ ಬಿಡಲಿಲ್ಲ.

ಆಲೆ ಮರದ ಹೊರೆಯನ್ನು ಚನ್ನಪಟ್ಟಣದಲ್ಲಿ ಇಳಿಸಿ, ಸೋತ ಮುಖ ಹೊತ್ತು ಬೈರಾಪಟ್ಟಣಕ್ಕೆ ಬಂದವನನ್ನು ಮಾರಮ್ಮಜ್ಜಿ ಜಗಲಿಯಿಂದಲೇ ತಡೆದಳು.

"ಏನ್ಲಾ ಬೈರ, ಹರಳೆಣ್ಣೆ ಕುಡ್ದೋನಂಗೆ ಮುಖ ಮಾಡ್ಕೊಂಡಿದ್ದೀಯಾ?"

ಅವನು ಎಲ್ಲ ಹೇಳಿದ. ಅಜ್ಜಿ ಹಣೆ ಹಣೆ ಬಡಿದುಕೊಂಡಳು.

"ಅಯ್ಯೋ ಪೆದ್ದು ಮುಂಡೇದೇ! ಬರುದ್ರೆ ನೀನು ಸತ್ತೋಯ್ತೀಯ ಅಂತ ಕಣ್ಲಾ ಆ ಮಗು ಬರೀದೇ ಇರೋದು! ಊರು ಬಿಡೋ ಮುಂಚೆ ನನ್ನ ಮುಂದೆ ಎಲ್ಲಾ ಹೇಳ್ಕೊಂಡು ಅತ್ತವ್ಳೆ. 'ಉಸಿರು ಕಾಗದಕ್ಕೆ ಬಂದ್ಬುಟ್ಟೈತೆ' ಅಂತ ತಮಟೆ ಹೊಡೆದೋನು ಯಾರು? ನೀನು! ಎತ್ತು ಸತ್ತಾಗ ಅವಳ ಮುಖ ನೋಡ್ದೆ ಗೋಡೆ ಕಡೆ ತಿರುಗ್ದೋನು ಯಾರು? ಅದೂ ನೀನೇ!"

ಬೈರಪ್ಪ ಸಿಡಿಲು ಬಡಿದವನಂತೆ ನಿಂತ. "ನಾನು... ಅಳ್ತಾ ಇದ್ದೆ ಅಜ್ಜಿ. ಗಂಡಸು ಎತ್ತಿಗೋಸ್ಕರ ಅಳೋದ ಅವಳು ನೋಡ್ಬಾರ್ದು ಅಂತ..."

"ಅದ ನನ್ನ ಹತ್ರ ಯಾಕ್ಲಾ ಹೇಳ್ತೀಯ? ನನ್ನ ಕೈ ಬರ್ದವ್ಳೆ, ಕೈಯೇನು ಬಿದ್ದೋಯ್ತಾ? ಹೋಗ್ಲಾ, ಹೋಗಿ ಅವಳ್ಗೆ ಹೇಳು!"

ಮಾರನೆಯ ದಿನ ಬೆಳಿಗ್ಗೆ ದೇವೀರಿ ಬೆಟ್ಟದ ಮೇಲೆ ಕೂತು ಎದುರಿನ ಬಂಡೆಯನ್ನು ಬರೆಯುತ್ತಿದ್ದಳು. ಅತ್ತೆ ಗುಡಿಯಲ್ಲಿದ್ದರು. ಬಂಡೆಯ ಅಂಚು ಮುಗಿಯುತ್ತಾ ಬಂತು. ಕಣ್ಣೆತ್ತಿದರೆ... ಬಂಡೆಯ ತುದಿಯಲ್ಲಿ ಬೈರಪ್ಪ ನಿಂತಿದ್ದ!

"ಇಳೀರಿ! ಇಳೀರಿ ಅಲ್ಲಿಂದ!" ದೇವೀರಿ ಪುಸ್ತಕ ಮುಚ್ಚಿ ಎದ್ದು ನಿಂತಳು.

"ಇಳಿಯಲ್ಲ ಕಣಮ್ಮಿ. ಈ ಬಂಡೆ ಬರೀಬೇಕು ಅಂದ್ರೆ ನನ್ನೂ ಬರೀಬೇಕು. ಅಜ್ಜಿ ಎಲ್ಲಾ ಹೇಳಿದ್ಲು, ಮೇಷ್ಟ್ರನ್ನ ಕೇಳ್ಕೊಂಡು ಬಂದೆ."

"ನಿಮ್ಮ ಕಾಲಿಗೆ ಬೀಳ್ತೀನಿ... ಕರಿಯ ಹೋದಂಗೆ ನೀವೂ ಹೋದ್ರೆ ನಾನು ಬದುಕಿರಲ್ಲ!"

ಹೇಳಿದ ಮೇಲೆ ತಿಳಿಯಿತು, ತಾನು ಏನು ಹೇಳಿಬಿಟ್ಟೆನೆಂದು. ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು.

ಬೈರಪ್ಪ ಬಂಡೆಯಿಂದ ಇಳಿದು ಬಂದು ಎದುರು ನಿಂತ. "ಅವತ್ತು ನಾನು ಮುಖ ತಿರುಗಿಸಿದ್ದು ನಿನ್ನ ಮೇಲಿನ ಸಿಟ್ಟಿಗಲ್ಲ. ಕಣ್ಣೀರು ಕಾಣಬಾರ್ದು ಅಂತ. ಆಮೇಲೆ ಬರೋಕೆ ಮುಖ ಇರ್ಲಿಲ್ಲ... ಕೂಲಿ ನಾಲಿ ಮಾಡಿ ಎತ್ತು ಕಟ್ಟಿದ ಮೇಲೇ ಬರ್ಬೇಕು ಅನ್ಕೊಂಡೆ. ಎಲ್ಲಿ, ಆ ಹಾಳೆ ಐತಾ?"

ಅವಳು ಹಾಳೆ ತಿರುವಿದಳು. ಬಾಗಿದ ಕೊಂಬು, ಮೂತಿಯ ಹನಿ, ಕಣ್ಣ ಮೂಲೆಯ ನೊಣ...

"ಅಗೋ ನನ್ನ ಕರಿಯ!" ಬೈರಪ್ಪ ಈ ಸಲ ಮುಖ ತಿರುಗಿಸಲಿಲ್ಲ. ಕಣ್ಣೀರು ಧಾರಾಕಾರ ಇಳಿಯಿತು, ಒರೆಸಿಕೊಳ್ಳಲೂ ಇಲ್ಲ. "ಅವನ ಮುಖ ಮರ್ತೇ ಹೋಗ್ತಾ ಇತ್ತು ದೇವೀರಿ. ಊರಲ್ಲಿ ಇಲ್ಲ, ಕೊಟ್ಟಿಗೇಲಿ ಇಲ್ಲ... ಇಲ್ಲಿ ಮಾತ್ರ ಅವ್ನೆ. ನೀನು ಉಸಿರು ಕಿತ್ಕೊಳ್ಳೋಳಲ್ಲ ಕಣೆ. ಉಳಿಸ್ಕೊಳ್ಳೋಳು!"

ದೇವೀರಿ ಕರಿಯನ ಬಾಗಿದ ಕೊಂಬಿನ ಮೇಲೆ ಮೆಲ್ಲಗೆ ಬೆರಳಾಡಿಸಿದಳು.

"ಆದ್ರೂ ಭಯ..." ಎಂದಳು.

"ನನಗೂ ಒಸಿ ಭಯ ಐತೆ" ಎಂದು ಅವನು ನಿಜ ಹೇಳಿದ. "ಆದ್ರೂ ಬರಿ."

ಹಾಗೆಂದು ಬಂಡೆಯ ಮೇಲೆ ಹೋಗಿ ಕೂತ. ತಲೆಯ ವಸ್ತ್ರ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹಿಂದೆ ಹದ್ದುಗಳು ಏಳುತ್ತಿದ್ದವು. ದೇವೀರಿ ಅವನನ್ನು ನೋಡಿದಳು... ಮೊದಲ ಸಲ, ನಾಚಿಕೆ ಬಿಟ್ಟು, ಕಣ್ತುಂಬ. ಹಣೆಯ ಗೆರೆ, ಬಿಸಿಲಿಗೆ ಸುಟ್ಟ ಕೆನ್ನೆ, ಅವಳನ್ನೇ ನಂಬಿ ಕೂತ ಆ ಕಣ್ಣುಗಳು. ಒಬ್ಬ ಮನುಷ್ಯ ಇಷ್ಟು ದೊಡ್ಡವನಿರುತ್ತಾನೆಯೇ! ಬೆಟ್ಟ ಕಂಡಾಗ ಜುಮ್ಮೆಂದ ಹಾಗೇ ಅವಳ ಮೈ ಜುಮ್ಮೆಂದಿತು. ಕಡ್ಡಿ ತಾನೇ ತಾನಾಗಿ ಓಡಿತು. ಖಾಲಿ ಬಿಟ್ಟಿದ್ದ ಆಕಾಶಕ್ಕೂ ಹದ್ದುಗಳು ಬಂದವು.

ಬಿಸಿಲು ಚುರುಕಾದಾಗ ಅವನು ಕೂತಲ್ಲಿಂದಲೇ ಕೂಗಿದ, "ಮುಗೀತಾ? ನಾನಿನ್ನೂ ಬದುಕಿವ್ನಿ!"

ದೇವೀರಿ ನಕ್ಕುಬಿಟ್ಟಳು. ಅವನು ಓಡಿ ಬಂದು ನೋಡಿದ.

"ಇದು ನಾನಾ... ಇಷ್ಟು ಚೆಂದಾಗಿ ಇದೀನಾ ನಾನು?"

"ನೋಡಿದ್ರೆ ತಾನೇ ಗೊತ್ತಾಗೋದು."

ಅವನು ಮತ್ತೆ ಬಾಗಿ ನೋಡಿದ. ಹುಬ್ಬು ಗಂಟಿಕ್ಕಿತು. "ಅಲ್ಲ ಕಣಮ್ಮಿ... ಎಲ್ಲಾ ಐತೆ. ಎರಡು ಪಾದಾನೂ ಇಲ್ಲವಲ್ಲ? ಮರ್ತ್ಯಾ?"

"ಮರೀಲಿಲ್ಲ. ಬೇಕು ಅಂತಲೇ ಬುಟ್ಟಿದ್ದು."

"ಓಹೋ... ಪೂರ್ತಿ ಬರುದ್ರೆ ಉಸಿರು ಹೋಗ್ತದೆ ಅಂತ ಇನ್ನೂ ಭಯಾನಾ?"

ದೇವೀರಿ ಪುಸ್ತಕವನ್ನು ಎದೆಗೊತ್ತಿಕೊಂಡು ತಲೆ ಅಲ್ಲಾಡಿಸಿದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ಎರಡು ಸಲ ನನ್ನ ಬುಟ್ಟು ಹೋದ್ರಲ್ಲ... ಇನ್ನು ಹೋಗ್ಬಾರ್ದು ಅಂತ."