ವರ್ಷದ ಕೊನೆಯ ಪಾಳಿ

ಹೊಸ ವರ್ಷಕ್ಕೆಂದು ಕೋಬೆ ನಗರದಲ್ಲಿ ಎಲ್ಲರೂ ತಂತಮ್ಮ ಊರಿಗೆ ಹೊರಟಿದ್ದರು. ಆದರೆ ಲ್ಯಾಬಿನಲ್ಲಿ ಬೆಳೆಸುವ ಸ್ಟೆಮ್ ಸೆಲ್‌ಗಳಿಗೆ, ದೇಹದ ಯಾವ ಭಾಗವಾಗಿಯೂ ಬೆಳೆಯಬಲ್ಲ ಆ ಕೋಶಗಳಿಗೆ, ಎಲ್ಲಿ ರಜೆ? ದಿನಾ ಅವುಗಳ ಪೋಷಕ ದ್ರವ ಬದಲಾಯಿಸಲೇಬೇಕು. ಹಾಗಾಗಿ ಡಿಸೆಂಬರ್ ಮೂವತ್ತೊಂದರ ಬೆಳಿಗ್ಗೆ ಲ್ಯಾಬಿನಲ್ಲಿ ಇದ್ದವರು ಇಬ್ಬರೇ, ಚಿಜುರು ನಾಮಿಕಾವಾ ಮತ್ತು ಕುರಮೋಚಿ. ಈ ಹಬ್ಬದ ಪಾಳಿಯಲ್ಲಿ ಇಬ್ಬರೂ ಜೊತೆಯಾಗಿದ್ದು ಇದು ಐದನೇ ವರ್ಷ.

ಚಿಜುರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೆಲವು ಕೋಶಗಳನ್ನು ಕೆರೆದು ತೆಗೆಯುತ್ತಿದ್ದಳು. ಇನ್ನೂ ಏನೂ ಆಗದವನ್ನು ಹಾಗೇ ಕಾಪಾಡಬೇಕು. ಹೇಳದೆ ಕೇಳದೆ ನರವೋ ಚರ್ಮವೋ ಆಗಹೊರಟವನ್ನು ಕಿತ್ತುಹಾಕಬೇಕು. ಮುಂದೆ ತಕ್ಕ ಸಂಕೇತ ಕೊಟ್ಟರೆ ಉಳಿದವು ರೆಟಿನಾದ ಕೋಶಗಳಾಗಿ ಯಾರದೋ ಮಂಜಾದ ಕಣ್ಣು ಸೇರುತ್ತವೆ.

"ಪಾಪ, ಅವಕ್ಕೆ ಏನೋ ಆಗ್ಬೇಕು ಅಂತ ಆಸೆ. ನೀವು ಬಿಡೋದೇ ಇಲ್ಲ," ಎಂದ ಕುರಮೋಚಿ.

"ನೀವೇ ಕಲಿಸಿದ್ದಲ್ವಾ?"

ಅವನು ನಕ್ಕ. ಮಾಸ್ಕಿನ ಮೇಲೆ ಕಣ್ಣಂಚು ಕಿರಿದಾಯಿತು. ಐದು ವರ್ಷ ಅವಳಿಗೆ ಆ ಕಣ್ಣುಗಳೇ ಸಾಕಾಗಿದ್ದವು, ಸಾಕು ಎಂದುಕೊಂಡಿದ್ದಳು.

"ನಾಮಿಕಾವಾ ಅವರೇ, ಇವತ್ತೇ ನನ್ನ ಕೊನೆ ಪಾಳಿ. ಸಪ್ಪೊರೊಗೆ ಹೋಗ್ತಿದ್ದೀನಿ. ಮದುವೆ."

ಅವಳ ಕೈ ನಿಂತಿತು. "ಹಬ್ಬದ ಪಾಳಿ ಇಷ್ಟ ಅಂತಿದ್ರಿ."

"ನೀವಿರ್ತೀರಿ ಅಂತ ಹೆಸರು ಕೊಡ್ತಿದ್ದೆ."

"ನಾನೂ ನಿಮಗೋಸ್ಕರಾನೇ ಕೊಡ್ತಿದ್ದೆ."

ಬಾಯಿಂದ ಬಂದೇಬಿಟ್ಟಿತು. ಅವನು ಕುರ್ಚಿಯಲ್ಲಿ ಕುಸಿದು ಕೂತ.

"ನಿಮಗೆ ಕೆಲಸದ ಮೇಲೇ ಪ್ರೀತಿ ಅಂದ್ಕೊಂಡಿದ್ದೆ. ನಿನ್ನೆ ಒಪ್ಪಿಗೆ ಹೇಳ್ಬಿಟ್ಟೆ. ಆ ಹುಡುಗಿ ಫೋನಲ್ಲೇ ಅತ್ತುಬಿಟ್ಟಳು, ಖುಷಿಗೆ."

"ಬಲಿತ ಚರ್ಮದ ಕೋಶಾನ ನಾವು ಮತ್ತೆ ಇನ್ನೂ ಏನೂ ಆಗದ ಮೊದಲಿನ ಹಾಗೆ ಮಾಡ್ತೀವಿ. ನೀವು ಒಂದು ದಿನ ಹಿಂದಕ್ಕೆ ಬರೋಕಾಗಲ್ವಾ?" ತಮಾಷೆ ಮಾಡಹೋಗಿ ಮತ್ತೆ ಮೈಕ್ರೋಸ್ಕೋಪಿನತ್ತ ತಿರುಗಿದಳು.

"ಕೋಶ ಯಾರಿಗೂ ಮಾತು ಕೊಟ್ಟಿರಲ್ಲ," ಎಂದ ಅವನು ಮೆಲ್ಲಗೆ.

ಮಧ್ಯಾಹ್ನ ಅವನನ್ನು ಕಳಿಸಲು ಲಿಫ್ಟಿನವರೆಗೆ ಬಂದಳು. ಬೀಳ್ಕೊಡುವಾಗ ಬಾಗಿಲು ಮುಚ್ಚುವ ತನಕ ಬಾಗಿದ ತಲೆ ಎತ್ತಬಾರದು ಎಂಬುದು ಅಲ್ಲಿನ ಪದ್ಧತಿ. ಆಳವಾಗಿ ಬಾಗಿ ನಿಂತಳು.

ಬಾಗಿಲು ಮುಚ್ಚಲೇ ಇಲ್ಲ. ಅವನು ಒಳಗೆ ಬಾಗಿಲು ತೆರೆದಿಡುವ ಗುಂಡಿ ಒತ್ತಿ ಹಿಡಿದಿದ್ದ. ಒಮ್ಮೆ ತಲೆ ಎತ್ತಿ ನೋಡಿದರೆ ಸಾಕು, ಹೊರಗೆ ಬಂದುಬಿಡುತ್ತಾನೆ. ಅವಳಿಗೆ ಅದು ಗೊತ್ತಿತ್ತು. ಬಾ ಎನ್ನಲು ಜೀವ ಒದ್ದಾಡುತ್ತಿತ್ತು. ಆದರೆ ಸಪ್ಪೊರೊದಲ್ಲಿ ಒಬ್ಬಳು ಅವನ ಮಾತು ನಂಬಿ ಕೂತಿದ್ದಳು.

"ಅಲ್ಲಿ ಚಳಿ ಜಾಸ್ತಿ. ಹುಷಾರಾಗಿರಿ," ಎಂದಳು, ನೆಲ ನೋಡುತ್ತಲೇ.

ಸ್ವಲ್ಪ ಹೊತ್ತಿಗೆ ಬಾಗಿಲು ಮುಚ್ಚಿಕೊಂಡಿತು.